ಮಧ್ಯಾಹ್ನದ ರಿಂಗು

ಏಳು ಗುಡ್ಡದಾಚೆ, ಎಂಟನೇ ಹಳ್ಳದೀಚೆ ಒಂದು ರಾಜ್ಯವಿತ್ತಂತೆ. ಆ ರಾಜನಿಗೆ ಒಬ್ಬಳೇ ಮಗಳು. ಅವಳಿಗೊಂದು ಶಾಪ: ಪ್ರತಿ ಊಟಕ್ಕೆ ಮುಂಚೆ ಒಂದು ಕಣಜ ಬಂದು ಅವಳನ್ನು ಕುಟುಕಬೇಕು. ಕುಟುಕಿಸಿಕೊಳ್ಳದೆ ಉಂಡರೆ ಅನ್ನವೇ ವಿಷ, ಕುಟುಕಿಸಿಕೊಂಡು ಉಣ್ಣದೆ ಹೋದರೆ ಕಣಜವೇ ವಿಷ. ರಾಜ ಡಂಗುರ ಸಾರಿಸಿಬಿಟ್ಟ. ರಾಜಕುಮಾರಿ ಮೊದಲ ತುತ್ತು ಬಾಯಿಗಿಡುವ ತನಕ ರಾಜ್ಯದಲ್ಲಿ ಯಾರೂ ಉಣ್ಣುವಂತಿಲ್ಲ. ರಾಣಿಯೂ ಇಲ್ಲ, ಮಂತ್ರಿಯೂ ಇಲ್ಲ, ಲಾಯದ ಕುದುರೆಯೂ ಇಲ್ಲ.

"ಕುದುರೆಗ್ಯಾಕಜ್ಜಿ ಶಿಕ್ಷೆ?"

"ಅದೂ ರಾಜನ ಉಪ್ಪು ತಿಂದಿದ್ದಲ್ವಾ? ಸುಮ್ನೆ ಕೇಳು."

ಅಜ್ಜಿ ಈ ಕಥೆ ಹೇಳುತ್ತಿದ್ದುದು ಗೋಡೆಗೆ. ಸಂಜೆ ತಟ್ಟೆ ಹಾಕಿದ ಮೇಲೆ ಸೊಸೆ ಇನ್ಸುಲಿನ್ ಪೆನ್ನಿನ ಡಬ್ಬಿ ತೆಗೆದ ಸದ್ದು ಕಿವಿಗೆ ಬಿದ್ದರೆ ಸಾಕು, ಅಜ್ಜಿ ಮೂಲೆಗೆ ಮುಖ ತಿರುಗಿಸಿ ಕೂತು ಏಳು ಗುಡ್ಡ ಹತ್ತಲು ಶುರು ಮಾಡುತ್ತಿದ್ದಳು. ಮೊಮ್ಮಗಳ ನೋವು ಮರೆಸಲಿಕ್ಕೆ ಈ ಕಥೆ ಎಂದು ಅವಳ ಹೇಳಿಕೆ. ನಿಜಕ್ಕೂ ಯಾರ ನೋವು ಮರೆಸಲಿಕ್ಕೆ ಎಂಬುದು ಮನೆಯ ಉಳಿದ ಮೂವರಿಗೂ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ ಅಷ್ಟೆ.

ಹಾಗೆಂದು ಅಜ್ಜಿ ಸೂಜಿ ಕಾಣದವಳಲ್ಲ. ಹರೆಯದಿಂದ ಮೊಣಕಾಲು ಕೈಕೊಡುವ ತನಕ ಹಾಸಿಗೆ ಹೊಲಿದವಳು. ಗೇಣುದ್ದದ ದಬ್ಬಳಕ್ಕೆ ದಾರ ಪೋಣಿಸಿ, ಹತ್ತಿ ತುಂಬಿದ ಹಾಸಿಗೆಯ ಈ ಕಡೆಯಿಂದ ಆ ಕಡೆಗೆ ಒಂದೇ ಏಟಿಗೆ ದಾಟಿಸುತ್ತಿದ್ದವಳು. ಆದರೆ ಇದು ಕೂದಲೆಳೆಯಂಥ ಸೂಜಿ, ಮತ್ತು ಅದು ಹೋಗುವುದು ಮೊಮ್ಮಗಳ ಹೊಟ್ಟೆಗೆ.

ಮೊಮ್ಮಗಳನ್ನು ಮನೆಯಲ್ಲೂ ಬೀದಿಯಲ್ಲೂ ಕರೆಯುತ್ತಿದ್ದುದು ಮೆಣಸು ಎಂದೇ. ಗಾತ್ರ ಕಾಳಿನಷ್ಟು, ಮಾತು ಅಷ್ಟೇ ಖಾರ. ಐದನೇ ಕ್ಲಾಸು. ಹೋದ ವರ್ಷ ಕೊಡಗಟ್ಟಲೆ ನೀರು ಕುಡಿದು, ಕಡ್ಡಿಯಂತಾಗಿ, ಆಸ್ಪತ್ರೆ ಸೇರಿದ್ದಳು. ಅವಳ ಮೈಯಲ್ಲಿ ಇನ್ಸುಲಿನ್ ತಯಾರಾಗುವುದು ನಿಂತುಹೋಗಿದೆ, ಇನ್ನು ಪ್ರತಿ ಊಟಕ್ಕೆ ಮುಂಚೆ ಹೊರಗಿನಿಂದ ಕೊಡಬೇಕು ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಂದ ದಿನವೇ ಅಜ್ಜಿ ರಾಜನ ಡಂಗುರವನ್ನು ಸ್ವಂತ ಮನೆಗೆ ತಂದಳು. ಮೆಣಸು ಉಣ್ಣುವ ತನಕ ಈ ಮನೆಯವರು ಯಾರೂ ಉಣ್ಣಬಾರದು.

ಮನೆಯಲ್ಲಿರುವಾಗ ಅದು ಕಷ್ಟವಲ್ಲ. ಕಷ್ಟ ಮಧ್ಯಾಹ್ನದ್ದು. ವಿದ್ಯಾರ್ಥಿಗಳು ಔಷಧ ಮುಟ್ಟುವಂತಿಲ್ಲ, ಶಾಲೆಯವರು ಕೊಡುವಂತಿಲ್ಲ, ಮನೆಯ ದೊಡ್ಡವರು ಬಂದು ಸ್ವಂತ ಕೈಯಿಂದ ಕೊಟ್ಟುಹೋಗಬೇಕು ಎಂಬುದು ಶಾಲೆಯ ನಿಯಮ. ಮೆಣಸುವಿನ ಅಮ್ಮ ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ, ಬೆಡ್‌ಶೀಟುಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಡುವ ಕೆಲಸದಲ್ಲಿದ್ದಳು. ಊಟದ ಗಂಟೆ ಹೊಡೆದದ್ದೇ ತಡ, ಒದ್ದೆ ಏಪ್ರನ್ನಿನಲ್ಲೇ ಎರಡು ಬೀದಿ ಓಡಿ, ಶಾಲೆಯ ಆಫೀಸಿನಲ್ಲಿ ಮಗಳಿಗೆ ಚುಚ್ಚಿ, ಮೊದಲ ತುತ್ತು ನೋಡಿ, ಗಂಡನ ಫೋನಿಗೊಂದು ಅತ್ತೆಯ ಫೋನಿಗೊಂದು ಮಿಸ್ಡ್ ಕಾಲ್ ಕೊಟ್ಟು, ವಾಪಸ್ ಓಡುವಳು. ಒಂದೇ ರಿಂಗು ಆಗಿ ನಿಂತರೆ ಉಂಡಳು ಎಂದರ್ಥ. ನಿಲ್ಲದೆ ಹೊಡೆದರೆ ಏನೋ ಕೆಟ್ಟಿದೆ ಎಂದರ್ಥ. ದೇವರ ದಯೆ, ಅಲ್ಲಿಯವರೆಗೆ ಒಮ್ಮೆಯೂ ಹಾಗೆ ಹೊಡೆದಿರಲಿಲ್ಲ.

ಅಜ್ಜಿಯ ಮಗ ಲಿಫ್ಟ್ ರಿಪೇರಿಯವನು. ಶಾಫ್ಟಿನ ಒಳಗೆ ಸಿಗ್ನಲ್ ಸಿಗದು. ಊಟದ ಹೊತ್ತಿಗೆ ಮಹಡಿ ಹತ್ತಿ ತಾರಸಿಯಲ್ಲಿ ಫೋನು ಹಿಡಿದು ನಿಲ್ಲುವನು. "ಏನಪ್ಪಾ, ಮಗಳ ಪರ್ಮಿಷನ್ ಬಂತಾ?" ಎಂದು ಜೊತೆಯವರು ಅವನ ಮುಂದೆಯೇ ಚಪ್ಪರಿಸಿ ತಿನ್ನುವರು.

ಹೀಗೆ ನಡೆಯುತ್ತಿದ್ದ ಬಂಡಿಗೆ ಕಲ್ಲು ಸಿಕ್ಕಿದ್ದು ಒಂದು ಸೋಮವಾರ.

"ಲಾಂಡ್ರೀಲಿ ಹೊಸ ರೋಲರ್ ಬಂದಿದೆ" ಎಂದಳು ಸೊಸೆ, ಬೇಳೆಗೆ ಒಗ್ಗರಣೆ ಹಾಕುತ್ತಾ. "ನಡುವೆ ನಿಲ್ಸೋ ಹಾಗಿಲ್ವಂತೆ. ನನ್ನ ಪಾಳಿಗೆ ಊಟ ಇನ್ಮೇಲೆ ಎರಡೂವರೆಗೆ."

ಮಗ ಕೈ ತೊಳೆಯುತ್ತಿದ್ದವನು ತಿರುಗಿದ. "ಎರಡೂವರೆ ತನಕ ಮಗು ಕಾಯೋಕಾಗುತ್ತಾ? ಸೂಪರ್‌ವೈಸರ್‌ನ ಕೇಳ್ಬಾರ್ದಾ?"

"ಕೇಳ್ದೆ. ನಿನ್ನ ಮಗಳ ಹೊಟ್ಟೆ ನೋಡ್ಕೊಂಡು ನಮ್ಮ ರೋಲರ್ ತಿರುಗಲ್ಲಮ್ಮ ಅಂದ. ನೀವು ಹೋಗ್ರೀ ಹಂಗಾದ್ರೆ."

"ನಾನು ಹನ್ನೊಂದನೇ ಮಹಡೀಲಿ ನೇತಾಡ್ತಿರ್ತೀನಿ ಕಣೇ. ಹಗ್ಗ ಬಿಟ್ಟು ಹಾರಿ ಬರ್ಲಾ?"

"ಹಾರಿ ಅಂತ ನಾನಂದ್ನಾ?"

"ಅನ್ನೋ ಮುಖಾನೇ ಇದೆ."

ಆಮೇಲೆ ಇಬ್ಬರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಸೌತೆಕಾಯಿ ಹೆಚ್ಚುತ್ತಿದ್ದವಳು ತಲೆಯೆತ್ತಿದಳು.

"ನನ್ನನ್ಯಾಕೆ ನೋಡ್ತೀರಿ? ನನ್ನ ಮುಖದ ಮೇಲೆ ಸಿನಿಮಾ ಓಡ್ತಿದ್ಯಾ?"

"ಅತ್ತೆ, ಆಳುದ್ದದ ಹಾಸಿಗೇನ ದಬ್ಬಳದಲ್ಲಿ ಹೊಲ್ದೋರು ನೀವು."

"ಹಾಸಿಗೆ ನನ್ನನ್ನ ಅಜ್ಜೀ ಅಂತ ಕರೀತಿರ್ಲಿಲ್ಲ ಕಣಮ್ಮ."

ಆದರೂ ಒಪ್ಪಿದಳು. ಒಪ್ಪದೆ ಬೇರೆ ದಾರಿ ಯಾವುದಿತ್ತು? ಸೊಸೆ ಒಂದು ಹಳೆಯ ಸೂಜಿ ಹಾಕಿ, ದಿಂಬಿನ ಮೇಲೆ ಅಭ್ಯಾಸ ಮಾಡಿಸಿದಳು. ಅಜ್ಜಿ ದಿಂಬಿಗೆ ಚೆಂದವಾಗಿ ಚುಚ್ಚಿದಳು, ಗುಂಡಿ ಒತ್ತಿದಳು, ಹತ್ತು ಎಣಿಸಿ ತೆಗೆದಳು. ಗೋಡೆಗೊರಗಿ ನೋಡುತ್ತಿದ್ದ ಮೆಣಸು, "ಅಜ್ಜಿ, ದಿಂಬಿಗಿನ್ನು ಸಕ್ಕರೆ ಕಾಯಿಲೆ ವಾಸಿ" ಎಂದಳು.

ಮರುದಿನ ಅಜ್ಜಿ ಒಗೆದ ಸೀರೆ ಉಟ್ಟು, ಹೊತ್ತಿಗೆ ಮುಂಚೆಯೇ ಶಾಲೆಯ ಆಫೀಸಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಎದುರಿಗೆ ಗುಮಾಸ್ತ, ಕನ್ನಡಕವನ್ನು ಹಣೆಗೇರಿಸಿ ಹಾಜರಿ ಪುಸ್ತಕಗಳಿಗೆ ಬೈಂಡು ಅಂಟಿಸುತ್ತಿದ್ದ. ಗಂಟೆ ಹೊಡೆಯಿತು. ಮೆಣಸು ಬಂದಳು, ಬೆರಳು ಚುಚ್ಚಿ ರಕ್ತದ ಹನಿಯನ್ನು ಸಕ್ಕರೆ ಅಳೆಯುವ ಮಿಷನ್ನಿಗೆ ಮುಟ್ಟಿಸಿದಳು, ಡಾಕ್ಟರು ಹೇಳಿದ್ದ ಅಂಕಿಗೆ ಪೆನ್ನು ತಿರುಗಿಸಿ ಅಜ್ಜಿಯ ಕೈಗಿಟ್ಟು, ಅಂಗಿ ಸ್ವಲ್ಪ ಎತ್ತಿದಳು.

ಅಜ್ಜಿ ಪೆನ್ನು ಹಿಡಿದಳು. ಸೂಜಿ ಚರ್ಮದ ಹತ್ತಿರ ಹೋಗುವುದು, ಬೆದರಿದ ಕೋಳಿಯಂತೆ ಹಿಂದಕ್ಕೆ ಬರುವುದು. ಮತ್ತೆ ಹೋಗುವುದು, ಮತ್ತೆ ಬರುವುದು. ಹೊರಗೆ ಮಕ್ಕಳು ಬುತ್ತಿ ಬಿಚ್ಚುವ ಸದ್ದು. ಎಲ್ಲೋ ತಾರಸಿಯಲ್ಲಿ ಮಗ ಫೋನು ಹಿಡಿದು ನಿಂತಿರುತ್ತಾನೆ, ಸೊಸೆ ರೋಲರಿನ ಮುಂದೆ ಹಸಿದು ನಿಂತಿರುತ್ತಾಳೆ.

"ಅಜ್ಜಿ, ಇಲ್ಲಿ ಕೊಡು. ನೀನು ಗೋಡೆ ನೋಡು."

ಅಭ್ಯಾಸಬಲ. ಅಜ್ಜಿ ಪೆನ್ನು ಕೊಟ್ಟು ಗೋಡೆಗೆ ತಿರುಗಿದಳು. "ಏಳು ಗುಡ್ಡದಾಚೆ..." ಎಂದು ಬಾಯಿ ತನ್ನಷ್ಟಕ್ಕೇ ಹೇಳತೊಡಗಿತು. ರಾಜ ಡಂಗುರ ಸಾರುವ ಮೊದಲೇ ಹಿಂದಿನಿಂದ ಸದ್ದು ಬಂತು, "ಆಯ್ತು."

"ಏನಾಯ್ತು?"

"ಇನ್ಸುಲಿನ್ ಆಯ್ತು. ಬುತ್ತಿ ಕೊಡು, ಹಸಿವು."

"ಯಾರೇ ಕಲಿಸಿದ್ದು ನಿಂಗೆ?"

"ಅಮ್ಮ. ರಾತ್ರಿ ದಿನಾ ನಾನೇ ಚುಚ್ಕೊಳ್ಳೋದು. ಅಮ್ಮ ನೋಡ್ತಾಳೆ, ಅಪ್ಪ ನೋಡ್ತಾನೆ. ನೀನು ಗೋಡೆ ನೋಡ್ತೀಯ."

ಅಜ್ಜಿ ಬೈಯಬೇಕೋ ಮುದ್ದಿಸಬೇಕೋ ತೀರ್ಮಾನಿಸುವಷ್ಟರಲ್ಲಿ ಗುಮಾಸ್ತನ ಕನ್ನಡಕ ಹಣೆಯಿಂದ ಮೂಗಿಗೆ ಇಳಿದಿತ್ತು.

"ಯಾರಜ್ಜಿ ಚುಚ್ಚಿದ್ದು?"

"ನಾನೇ."

"ನೀವು ಗೋಡೆಗೆ ಕಥೆ ಹೇಳ್ತಿದ್ರಲ್ಲ?"

ಆ ಸಂಜೆ ಮನೆಯಲ್ಲಿ ಪಾತ್ರೆಗಳಿಗಿಂತ ಮಾತುಗಳ ಸದ್ದೇ ಜೋರು. ಹೆಡ್ ಮೇಡಂ ಕರೆಸಿ ಕಡ್ಡಿ ಮುರಿದಂತೆ ಹೇಳಿದ್ದರು: ದೊಡ್ಡವರ ಕೈಯಿಂದಲೇ ಆಗಬೇಕು, ಇಲ್ಲವಾದರೆ ಮಗು ಮಧ್ಯಾಹ್ನಕ್ಕೆ ಮೊದಲೇ ಮನೆಗೆ. ಮಧ್ಯಾಹ್ನದ ಪಾಠಗಳು ಅವಳಿಗಿಲ್ಲ.

"ಕೂಸಿನ ಕೈಗೆ ನೀನು ಸೂಜಿ ಕೊಟ್ಟೆ, ನಂಗೊಂದು ಮಾತು ಹೇಳ್ಲಿಲ್ಲ" ಎಂದಳು ಅಜ್ಜಿ.

"ಹೇಳಿದ್ರೆ ಬಿಡ್ತಿದ್ರಾ? ಮೂರು ದಿನ ಅಳ್ತಿದ್ರಿ."

"ಅಳ್ತಿದ್ದೆ. ಅತ್ತು ಆಮೇಲೆ ಬಿಡ್ತಿದ್ದೆ."

"ಆ ಮೂರು ದಿನ ಯಾರು ಅಡಿಗೆ ಮಾಡ್ಬೇಕಿತ್ತು?"

ಮಗ ನಗಲು ಹೋಗಿ, ಇಬ್ಬರ ಮುಖವನ್ನೂ ನೋಡಿ, ನೀರು ಕುಡಿದ. ಸೊಸೆ ತಟ್ಟೆಯನ್ನು ಕುಕ್ಕಿದಳು. "ಹೋಗ್ಲಿ ಬಿಡಿ. ನಾನೇ ಕೆಲಸ ಬಿಡ್ತೀನಿ. ದಿನಾ ನಾನೇ ಹೋಗಿ ಚುಚ್ಚಿ ಬರ್ತೀನಿ."

"ಬಿಟ್ಟು? ನನ್ನೊಬ್ಬನ ಸಂಬಳದಲ್ಲಿ ಮನೆ ಬಾಡಿಗೆ ಕೊಡೋದಾ, ಇನ್ಸುಲಿನ್ ತರೋದಾ?"

"ಹಂಗಾದ್ರೆ ಅವಳ ಓದು ಬಿಡಿಸಿ!"

ಆಡಬಾರದ ಮಾತು ಆಡಿದಂತೆ ಸೊಸೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮಧ್ಯಾಹ್ನದ ಮೇಲೆಯೇ ವಿಜ್ಞಾನ, ಮಧ್ಯಾಹ್ನದ ಮೇಲೆಯೇ ಆಟ. ಮೆಣಸುವಿಗೆ ಶಾಲೆಯೆಂದರೆ ಅವೆರಡೇ.

ಅಷ್ಟರಲ್ಲಿ ಮೆಣಸು ಅಜ್ಜಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅಜ್ಜಿ, ಈಗ ಗೋಡೆ ಬೇಡ. ನನ್ನ ನೋಡು." ಪೆನ್ನು ತೆಗೆದು, ಹೊಸ ಸೂಜಿ ಸಿಕ್ಕಿಸಿ, ಅಂಕಿ ತೋರಿಸಿ, ಚುಚ್ಚಿ, ಗಟ್ಟಿಯಾಗಿ ಎಣಿಸಿದಳು. ಅಜ್ಜಿ ಕಣ್ಣು ಮುಚ್ಚಲಿಲ್ಲ. ಎಣಿಕೆ ಮುಗಿಯುವ ತನಕ ಉಸಿರನ್ನೂ ಬಿಡಲಿಲ್ಲ.

"ಅಷ್ಟೇನಾ?" ಎಂದಳು ಕೊನೆಗೆ.

"ಅಷ್ಟೇ. ನೋಡಜ್ಜಿ, ಒಂದಿನ ನೀನು ಮನೇಲೇ ಕೂತಿರ್ತೀಯ. ಅಮ್ಮ ಲಾಂಡ್ರೀಲಿ, ಅಪ್ಪ ಲಿಫ್ಟಲ್ಲಿ. ಯಾರೂ ಬರೋದು ಬೇಡ. ನಾನೇ ಚುಚ್ಕೊಂಡು, ತಿಂದು, ನಿಂಗೆ ರಿಂಗ್ ಕೊಡ್ತೀನಿ. ಮಾತು ಕೊಟ್ಟೆ."

"ಮಾತು ಕೊಟ್ಟೋಳು ನಡೆಸ್ಬೇಕು."

"ನಡೆಸ್ತೀನಿ. ನೀನು ಮೇಡಂನ ಒಪ್ಸು."

ಮಾರನೇ ದಿನ ಬೆಳಿಗ್ಗೆ ಶಾಲೆಗೆ ನಾಲ್ವರೂ ಹೋದರು. ಮಗ ಅರ್ಧ ದಿನ ರಜೆ ಹಾಕಿ, ಗ್ರೀಸು ಹತ್ತದ ಒಂದೇ ಅಂಗಿ ತೊಟ್ಟಿದ್ದ.

ಹೆಡ್ ಮೇಡಂ ಕೆಟ್ಟವರೇನಲ್ಲ. "ನನ್ನ ಮಾತೂ ಕೇಳಿ" ಎಂದರು. "ಹಿಂದೆ ಒಬ್ಬಳು ಹುಡುಗಿ ತನ್ನ ಮಾತ್ರೆಯನ್ನ ಗೆಳತಿಗೆ ಕೊಟ್ಟಳು. ಗೆಳತಿ ತಲೆನೋವು ಅಂದಳಂತೆ, ಇವಳು ಪಾಪ ಅಂತ ಕೊಟ್ಟಳಂತೆ. ಆ ಮಗುವಿನ ಮುಖ ಊದಿ ಕುಂಬಳಕಾಯಿ ಆಯ್ತು. ಆಸ್ಪತ್ರೆಯಲ್ಲಿ ನಾನೇ ಕೂತಿದ್ದೆ. ಅವತ್ತಿನಿಂದ ಮಕ್ಕಳ ಕೈಗೆ ಔಷಧ ಇಲ್ಲ. ನಾಳೆ ಇವಳ ಸೂಜಿ ಇನ್ನೊಬ್ಬರಿಗೆ ಚುಚ್ಚಿದ್ರೆ? ಅಂಕಿ ತಪ್ಪಿದ್ರೆ? ಚುಚ್ಕೊಂಡು ಊಟ ಮರೆತು ಆಡೋಕೆ ಓಡಿದ್ರೆ?"

"ಕೇಳೋದು ನ್ಯಾಯವೇ" ಎಂದಳು ಅಜ್ಜಿ.

ಸೊಸೆ ಅವಳ ಮೊಣಕೈ ತಿವಿದಳು. "ಅತ್ತೆ, ನೀವು ಯಾರ ಕಡೆ?"

"ಮಗುವಿನ ಕಡೆ. ಮೇಡಂ, ಭಯ ನಿಮಗೊಬ್ರಿಗೇ ಅಲ್ಲ, ನಾನು ಒಂದು ವರ್ಷ ಗೋಡೆ ನೋಡಿದೋಳು. ಇವಳು ಕಲ್ತಿದ್ದು ನಂಗೆ ಗೊತ್ತಾಗ್ಲಿಲ್ಲ ಯಾಕೆ? ನಾನು ನೋಡ್ಲಿಲ್ಲ, ಅದಕ್ಕೆ. ಒಂದು ಸಲ ನೋಡಿ, ಆಮೇಲೆ ಬೇಡ ಅನ್ನಿ."

"ನೋಡೋದಾ?" ಮೇಡಂ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದರು.

"ಬೀಗದ ಡಬ್ಬಿಯಲ್ಲಿ ಪೆನ್ನು ಇಲ್ಲೇ ಇರ್ಲಿ" ಎಂದ ಮಗ. "ಹಳೇ ಸೂಜಿ ಹಾಕೋಕೆ ಗಟ್ಟಿ ಡಬ್ಬಿ ನಾನು ತಂದುಕೊಡ್ತೀನಿ. ಡಾಕ್ಟರ್ ಹತ್ರ ಬರೆಸಿಕೊಂಡೂ ಬರ್ತೀವಿ. ನಿಮ್ಮಲ್ಲೊಬ್ರು ಪಕ್ಕದಲ್ಲಿ ನಿಂತು ಅಂಕಿ ನೋಡಿ, ಚುಚ್ಚೋದು ನೋಡಿ, ತಿನ್ನೋದು ನೋಡಿದ್ರೆ ಸಾಕು. ಮುಟ್ಟೋದೇ ಬೇಡ."

ಮೇಡಂ ಒಂದು ಬೆರಳೆತ್ತಿದರು. "ಒಂದು ತಿಂಗಳು. ಮನೆಯವರೊಬ್ರು ಹಾಜರಿರಬೇಕು. ಒಂದೇ ಒಂದು ತಪ್ಪಾಗ್ಲಿ, ಹಳೇ ನಿಯಮವೇ. ತಪ್ಪಿಲ್ಲದೆ ದಾಟಿದ್ರೆ ಆಮೇಲೆ ಮನೆಯವರು ಬರೋದು ಬೇಡ."

ಪಕ್ಕದಲ್ಲಿ ನಿಲ್ಲುವವರು ಯಾರು ಎಂಬುದೇ ಉಳಿಯಿತು. ಡ್ರಿಲ್ ಮಾಸ್ತರರು ಎದೆ ಸೆಟೆಸಿ ಬಂದರು. ಮೊದಲ ದಿನ ರಕ್ತದ ಹನಿ ನೋಡಿದ್ದೇ ಬೆಂಚಿನ ಮೇಲೆ ಕೂತುಬಿಟ್ಟರು. ಮೆಣಸು ತನ್ನ ನೀರಿನ ಬಾಟಲಿಯನ್ನು ಅವರಿಗೆ ಕೊಟ್ಟಳು. ಗುಮಾಸ್ತನಿಗೆ ಆ ಹೊತ್ತಿಗೆ ಸರಿಯಾಗಿ ಬೇರೆ ಕೋಣೆಯಲ್ಲಿ ಕೆಲಸ ಬಂತು. ಕೊನೆಗೆ ಹೆಡ್ ಮೇಡಂ ತಾವೇ ನಿಂತರು, ಅಥವಾ ನಿಂತಂತೆ ಮಾಡಿದರು. ಸೂಜಿ ಹೊರಬರುತ್ತಿದ್ದಂತೆ ಅವರ ಕಣ್ಣು ಕಿಟಕಿಯ ಕಡೆ ಹೋಯಿತು.

ಮೆಣಸು ಚುಚ್ಚಿಕೊಳ್ಳಲಿಲ್ಲ. ಕಾದಳು.

"ಮೇಡಂ, ನೋಡ್ಬೇಕು. ನೀವೇ ಹಾಕಿದ ನಿಯಮ."

"ನೋಡ್ತಿದೀನಮ್ಮ."

"ನೀವು ಕಾಗೆ ನೋಡ್ತಿದೀರಿ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಮೇಡಂ, ನಂದೂ ಇದೇ ಕಾಯಿಲೆ. ಬನ್ನಿ, ನನ್ನ ಕೈ ಹಿಡ್ಕೊಳ್ಳಿ. ಇಬ್ರೂ ಒಟ್ಟಿಗೆ ಕಣ್ಣು ಬಿಡೋಣ." ಮೇಡಂ ಆಚೀಚೆ ನೋಡಿ, ಗುಮಾಸ್ತ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಾಸಿಗೆ ಹೊಲಿದು ಕಾಯಿಕಟ್ಟಿದ ಆ ಕೈಯನ್ನು ಹಿಡಿದುಕೊಂಡರು. ಮೆಣಸು ಚುಚ್ಚಿದಳು. ಮೂವರೂ ಸೇರಿ ಎಣಿಸಿದರು.

ಆಮೇಲೆ ದಿನ ಕಳೆದಂತೆ ಮೇಡಂ ಅಜ್ಜಿಯ ಕೈ ಬಿಟ್ಟರು, ಸೂಜಿಯಿಂದ ಕಣ್ಣು ಕೀಳಲಿಲ್ಲ. ಹನಿಯ ಅಂಕಿ ಎಷ್ಟು, ಪೆನ್ನಿನ ಅಂಕಿ ಎಷ್ಟು ಎಂದು ತಾವೇ ಕೇಳತೊಡಗಿದರು. ಒಮ್ಮೆ ಮೆಣಸುವಿನ ಅಂಕಿ ತೀರಾ ಕೆಳಗಿತ್ತು. "ಮೇಡಂ, ಈಗ ಚುಚ್ಕೋಬಾರ್ದು. ಮೊದಲು ಗ್ಲೂಕೋಸ್ ಬಿಸ್ಕತ್ತು, ಆಮೇಲೆ ಇನ್ನೊಂದು ಸಲ ನೋಡೋದು" ಎಂದಳು. ಮೇಡಂ ಡಾಕ್ಟರ ಚೀಟಿ ತೆಗೆದು ಓದಿದರು. ಮಗು ಹೇಳಿದ್ದೇ ಅಲ್ಲಿಯೂ ಇತ್ತು. ಬಿಸ್ಕತ್ತು ಮುರಿದು ಕೊಟ್ಟವರು ಮೇಡಂ. ಅಂಕಿ ಮೇಲೆ ಬರುವ ತನಕ ಗಡಿಯಾರ ನೋಡುತ್ತಾ ಕೂತವರೂ ಅವರೇ. ಅವತ್ತು ಮಗನಿಗೂ ಸೊಸೆಗೂ ರಿಂಗು ಹೋದಾಗ ಬಹಳ ತಡವಾಗಿತ್ತು. ಸಂಜೆ ಮಗ ಬಂದವನೇ, "ಅಮ್ಮಾ, ತಾರಸಿ ಮೇಲೆ ಒಣಗಿ ಹಪ್ಪಳ ಆದೆ" ಎಂದ. "ಹಪ್ಪಳ ಆದ್ರೂ ಡಂಗುರ ಮೀರ್ಲಿಲ್ವಲ್ಲ, ಜಾಣ" ಎಂದಳು ಅಜ್ಜಿ.

ತಿಂಗಳು ತುಂಬಿತು, ತಪ್ಪು ಒಂದೂ ಆಗಲಿಲ್ಲ. ನಾಳೆಯಿಂದ ಬರುವುದು ಬೇಡ ಅಜ್ಜಿ ಎಂದರು ಮೇಡಂ.

ಆ ನಾಳೆಯ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಕೈ ಓಡಲಿಲ್ಲ. ಸೊಸೆ ಬುತ್ತಿಯ ಮುಚ್ಚಳವನ್ನು ಎರಡೆರಡು ಸಲ ಹಾಕಿದಳು. ಮಗ ತನ್ನ ಚಪ್ಪಲಿ ಬಿಟ್ಟು ಅಜ್ಜಿಯ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿ ಬಂದ. ಮೆಣಸು ಮಾತ್ರ ಜಡೆ ಹಾಕಿಸಿಕೊಳ್ಳುತ್ತಾ, "ಅಜ್ಜಿ, ಫೋನ್ ಚಾರ್ಜ್ ಮಾಡಿಟ್ಕೋ" ಎಂದಳು.

ಮಧ್ಯಾಹ್ನ ಅಜ್ಜಿ ತಟ್ಟೆಗೆ ಬಡಿಸಿಕೊಂಡಳು. ಅನ್ನ, ಬೇಳೆ, ಪಕ್ಕಕ್ಕೆ ಸೌತೆಕಾಯಿ. ತಟ್ಟೆಯ ಪಕ್ಕ ಫೋನು. ಊಟದ ಗಂಟೆ ಹೊಡೆಯುವ ಹೊತ್ತಾಯಿತು, ದಾಟಿತು. ಈಗ ಹನಿ ಮುಟ್ಟಿಸಿರುತ್ತಾಳೆ. ಈಗ ಪೆನ್ನು ತಿರುಗಿಸಿರುತ್ತಾಳೆ. ಈಗ ಎಣಿಸುತ್ತಿರುತ್ತಾಳೆ. ಅಜ್ಜಿಯೂ ಎಣಿಸಿದಳು. ಹತ್ತು ಮುಗಿದು ಇಪ್ಪತ್ತಾಯಿತು, ಇಪ್ಪತ್ತು ಮುಗಿದು ನೂರಾಯಿತು. ಬೇಳೆಯ ಮೇಲೆ ಕೆನೆ ಕಟ್ಟಿತು. ಅವಳು ಅಭ್ಯಾಸದಿಂದ ಗೋಡೆಗೆ ತಿರುಗಿದಳು, ತನಗೆ ತಾನೇ ಥೂ ಎಂದು ಬೈದುಕೊಂಡು ಮತ್ತೆ ಫೋನಿಗೆ ತಿರುಗಿದಳು.

ಫೋನು ಹೊಡೆಯಿತು. ಒಂದು ರಿಂಗು. ಅಜ್ಜಿಯ ಕೈ ಅನ್ನಕ್ಕೆ ಹೋಯಿತು.

ಎರಡನೇ ರಿಂಗು.

ಕೈ ಅಲ್ಲೇ ನಿಂತಿತು. ಮೂರನೆಯದು. ನಾಲ್ಕನೆಯದು. ಫೋನು ನಿಲ್ಲಲೇ ಇಲ್ಲ. ಅಜ್ಜಿ ಇನ್ನೂ ಎಂಜಲಾಗದ ಆ ಕೈಯಿಂದಲೇ ಫೋನೆತ್ತಿದಳು.

"ಅಜ್ಜಿ? ನಾನು ಹೆಡ್ ಮೇಡಂ."

"ಮಗು..."

"ಮಗು ಚೆನ್ನಾಗಿದ್ದಾಳೆ! ನಿಮಗೊಂದು ಫೋನ್ ಮಾಡಿ ಅಂದಳು, ಮಾಡಿದೆ. ಈಗ ನೋಡಿದ್ರೆ ನನಗೇ ಬೈತಿದಾಳೆ."

ಹಿಂದಿನಿಂದ, ಬಾಯಿ ತುಂಬ ಅನ್ನ ತುಂಬಿಕೊಂಡ ಕೂಗು: "ಒಂದೇ ರಿಂಗು ಮೇಡಂ, ಒಂದೇ ರಿಂಗು ಅಂದಿದ್ನಲ್ಲ! ಅಜ್ಜಿ ಹೆದರ್ಕೋತಾಳೆ!"

ಆ ತುಂಬಿದ ಬಾಯಿಯ ಧ್ವನಿ ಕೇಳಿದ್ದೇ ಅಜ್ಜಿ ಗೋಡೆಗೊರಗಿ ನಗತೊಡಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಯಾಕಜ್ಜಿ, ಏನಾಯ್ತು?"

"ಏನಿಲ್ಲ ಮೇಡಂ. ನಿಮ್ಮ ಊಟ ಆಯ್ತಾ?"

"ಇಲ್ಲ, ಇನ್ನೂ ಇಲ್ಲ. ಅವಳು ಮೊದಲು ತಿನ್ನಲಿ ಅಂತ ಕಾದೆ." ಹೇಳಿ ಮುಗಿಸಿದ ಮೇಲೆ ಮೇಡಂ ತಮ್ಮ ಮಾತಿಗೆ ತಾವೇ ಬೆರಗಾಗಿ ನಕ್ಕರು.

"ಹಾಗಾದ್ರೆ ಈಗ ಉಣ್ಣಿ. ಪರ್ಮಿಷನ್ ಬಂತು" ಎಂದಳು ಅಜ್ಜಿ. ಫೋನಿಟ್ಟು, ಮಗನ ನಂಬರಿಗೆ ಒಂದೇ ರಿಂಗು ಕೊಟ್ಟಳು, ಸೊಸೆಯ ನಂಬರಿಗೆ ಒಂದೇ ರಿಂಗು ಕೊಟ್ಟಳು. ಹನ್ನೊಂದನೇ ಮಹಡಿಯ ತಾರಸಿಯಲ್ಲಿ ಒಬ್ಬ ಬುತ್ತಿ ಬಿಚ್ಚಿದ. ರೋಲರಿನ ಮುಂದೆ ಒಬ್ಬಳು, ಬಿಡುವಿಗೆ ಇನ್ನೂ ಹೊತ್ತಿದ್ದರೂ, ಏಪ್ರನ್ನಿನ ಜೇಬಿನಿಂದ ರೊಟ್ಟಿಯ ಒಂದು ತುಣುಕನ್ನು ಸೂಪರ್‌ವೈಸರನ ಕಣ್ಣೆದುರೇ ಬಾಯಿಗೆ ಹಾಕಿಕೊಂಡಳು.

ಅಜ್ಜಿ ತಣ್ಣಗಾದ ಅನ್ನವನ್ನು ಬೇಳೆಯಲ್ಲಿ ಕಲಸಿ, ದೊಡ್ಡದೊಂದು ತುತ್ತು ಮಾಡಿ, ಬಾಯಿಗಿಟ್ಟಳು.